ಜೌಗು ನೆಲದಲ್ಲಿ ಜಿಂಕೆಗೆ ಚಳಿಗಾಲದ ಮೇವು: ಪೊದೆ ನೆಟ್ಟು ಉಳಿಸಿಕೊಳ್ಳುವ ಬಗೆ

ಹಿಮ ಮೊಣಕಾಲುದ್ದ ಬಿದ್ದ ಮೇಲೆ ಜಿಂಕೆ ಏನು ತಿನ್ನುತ್ತದೆ? ಹುಲ್ಲು ಹಿಮದಡಿ ಸೇರಿಹೋಗಿರುತ್ತದೆ. ಓಕ್ ಮರದ ಕಾಯಿಗಳು ಯಾವತ್ತೋ ಮುಗಿದಿರುತ್ತವೆ. ಆಗ ಅದಕ್ಕೆ ಉಳಿಯುವುದು ಕಡ್ಡಿ. ಪೊದೆಗಳ ಮತ್ತು ಎಳೆ ಮರಗಳ ತುದಿಕಡ್ಡಿ, ಅದರ ಮೇಲೆ ಕೂತ ಮೊಗ್ಗು, ಅಷ್ಟೇ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ, ಕೆನಡಾದ ದಕ್ಷಿಣ ಅಂಚಿನಲ್ಲಿ ಬಿಳಿಬಾಲದ ಜಿಂಕೆ ಡಿಸೆಂಬರ್‌ನಿಂದ ಏಪ್ರಿಲ್ ತನಕ ಹೀಗೇ ದಿನ ದೂಡುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತಾ ಹೋಗುತ್ತದೆ. ಈ ಕಡ್ಡಿಯ ಮೇವು ಆ ಕರಗುವಿಕೆಯನ್ನು ನಿಧಾನ ಮಾಡುತ್ತದೆ.

ಅಲ್ಲಿ ಜಮೀನು ಇರುವ ತುಂಬಾ ಜನರ ಬಳಿ ಒಂದು ಮೂಲೆ ಇರುತ್ತದೆ. ವರ್ಷದ ಬಹುಪಾಲು ಒದ್ದೆ. ಟ್ರ್ಯಾಕ್ಟರ್ ಇಳಿಸಿದರೆ ಚಕ್ರ ಹೂತುಹೋಗುತ್ತದೆ. ಬೆಳೆ ಬರುವುದಿಲ್ಲ, ಒಳ್ಳೆ ಹುಲ್ಲೂ ಬರುವುದಿಲ್ಲ. ಕೆಲಸಕ್ಕೆ ಬಾರದ ಜಾಗ ಅಂತ ಬಿಟ್ಟಿರುತ್ತಾರೆ. ಆದರೆ ಜಿಂಕೆ ಚಳಿಗಾಲದಲ್ಲಿ ಹುಡುಕಿಕೊಂಡು ಬರುವ ಪೊದೆಗಳಲ್ಲಿ ಹಲವು ಬೆಳೆಯುವುದು ಅಂಥ ಜಾಗದಲ್ಲೇ. ಅಲ್ಲಿ ಪೊದೆ ಎಬ್ಬಿಸುವುದು ಹೇಗೆ ಅಂತ ಇಲ್ಲಿ ಒಂದೊಂದೇ ಹಂತವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ನೆಡುವುದು ಒಂದೆರಡು ದಿನದ ಕೆಲಸ. ಕಾಯುವುದು ಮೂರ್ನಾಲ್ಕು ವರ್ಷದ ಕೆಲಸ. ಜಿಂಕೆಗಾಗಿ ನೆಟ್ಟ ಗಿಡವನ್ನು ಮೊದಲು ಜಿಂಕೆಯಿಂದಲೇ ಉಳಿಸಿಕೊಳ್ಳಬೇಕು. ಮೊದಲ ವರ್ಷ ನಾನು 60 ಕಡ್ಡಿ ನೆಟ್ಟು, ಬೇಲಿ ಆಮೇಲೆ ಹಾಕಿದರಾಯಿತು ಅಂತ ಬಿಟ್ಟಿದ್ದೆ. ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿ ಚಿಗುರಿದವು. ನವೆಂಬರ್ ಕೊನೆಗೆ ಹೋಗಿ ನೋಡಿದರೆ ಎಲ್ಲವೂ ಬೆರಳುದ್ದದ ಮೋಟು. ಅವುಗಳಲ್ಲಿ ಮುಂದಿನ ವಸಂತಕ್ಕೆ ಮತ್ತೆ ಚಿಗುರಿದ್ದು ಕೆಲವೇ ಕೆಲವು.

ಜೋಳ ಸುರಿದರೆ ಆಗಲ್ವಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಒಂದು ಚೀಲ ಮೆಕ್ಕೆಜೋಳ ತಂದು ಸುರಿಯುವುದು ಸುಲಭ ಅಲ್ವಾ? ಸುಲಭ ಹೌದು, ಆದರೆ ಜಿಂಕೆಗೆ ಅದು ಅಪಾಯ. ಜಿಂಕೆ ದನದ ಹಾಗೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸಿ ಜೀರ್ಣ ಮಾಡುತ್ತವೆ. ಋತು ಬದಲಾದಂತೆ ಆ ಜೀವಿಗಳೂ ನಿಧಾನಕ್ಕೆ ಬದಲಾಗುತ್ತವೆ. ಇದಕ್ಕೆ ವಾರಗಳೇ ಬೇಕು. ಜನವರಿಯಲ್ಲಿ ಕಡ್ಡಿ ತಿಂದು ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಕಾಳು ತುಂಬಿದರೆ ಒಳಗೆ ಆಮ್ಲ ಏರುತ್ತದೆ. ಹೊಟ್ಟೆ ತುಂಬ ಕಾಳು ಇದ್ದೂ ಜಿಂಕೆ ಸಾಯುವುದು ಹೀಗೆ.

ಇನ್ನೊಂದು ಕಾರಣ ರೋಗ. ಒಂದೇ ರಾಶಿಗೆ ಹತ್ತಾರು ಜಿಂಕೆ ಬಾಯಿ ಹಾಕಿದರೆ ಜೊಲ್ಲಿನ ಮೂಲಕ ರೋಗ ದಾಟುತ್ತದೆ. ಜಿಂಕೆಗಳ ಮೆದುಳು ಕೆಡಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಣ್ಣಿಗೆ ಬಿತ್ತು. ಈಗ ಅಮೆರಿಕದ ಹಲವು ರಾಜ್ಯಗಳಲ್ಲಿ, ಕೆನಡಾದ ಕೆಲವು ಪ್ರಾಂತ್ಯಗಳಲ್ಲಿ ಹರಡಿದೆ. ಅದಕ್ಕೆ ಔಷಧಿ ಇಲ್ಲ. ಎಷ್ಟೋ ಕಡೆ ಜಿಂಕೆಗೆ ಮೇವು ಸುರಿಯುವುದನ್ನೇ ಕಾನೂನು ತಡೆಯುತ್ತದೆ. ಪೊದೆ ಹಾಗಲ್ಲ. ಜಿಂಕೆ ನಡೆಯುತ್ತಾ ಇಲ್ಲೊಂದು ಕಡ್ಡಿ, ಅಲ್ಲೊಂದು ಕಡ್ಡಿ ಮುರಿದು ತಿನ್ನುತ್ತದೆ. ಒಂದೇ ಕಡೆ ಗುಂಪುಗೂಡುವುದು ಕಡಿಮೆ. ಹೊಟ್ಟೆಗೂ ಅದು ಒಗ್ಗಿದ ಮೇವು.

ಗಿಡ ತರುವ ಮೊದಲು ಚಳಿಗಾಲದಲ್ಲಿ ಒಂದು ಸುತ್ತು

ನೆಡುವ ಯೋಚನೆ ಇದ್ದರೆ ಹಿಂದಿನ ಚಳಿಗಾಲದಲ್ಲೇ ಆ ಜಾಗವನ್ನು ನಡೆದು ನೋಡಿ. ಎಲೆ ಇಲ್ಲದ ಕಾಲದಲ್ಲಿ ನೆಲ ತನ್ನ ಕಥೆ ಚೆನ್ನಾಗಿ ಹೇಳುತ್ತದೆ.

ಕಡ್ಡಿಗಳ ತುದಿ ಹತ್ತಿರದಿಂದ ನೋಡಿ. ಜಿಂಕೆಗೆ ಮೇಲಿನ ದವಡೆಯ ಮುಂದೆ ಹಲ್ಲಿಲ್ಲ, ಬರೀ ಗಟ್ಟಿ ಒಸಡು. ಹಾಗಾಗಿ ಅದು ಕಡ್ಡಿಯನ್ನು ಕತ್ತರಿಸುವುದಿಲ್ಲ. ಕೆಳಹಲ್ಲಿಗೂ ಒಸಡಿಗೂ ನಡುವೆ ಹಿಡಿದು ಜಗ್ಗಿ ಕೀಳುತ್ತದೆ. ತುದಿ ನಾರು ನಾರಾಗಿ ಸೀಳಿರುತ್ತದೆ, ಒಂದು ಬದಿಯಲ್ಲಿ ತೊಗಟೆಯ ಎಳೆ ಜೋತಾಡುತ್ತಿರುತ್ತದೆ. ಮೊಲ ತಿಂದಿದ್ದರೆ ಬೇರೆ ಥರ. ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಷ್ಟು ನಯ. ಇದನ್ನು ಗುರುತಿಸುವುದು ಬೇಕೇ ಬೇಕು. ಮೊಲದ ಕಾಟ ಇದೆಯೋ ಜಿಂಕೆಯದೋ ಅಂತ ತಿಳಿಯದೆ ಬೇಲಿ ಹಾಕಿದರೆ ದುಡ್ಡು ದಂಡ.

ಆಮೇಲೆ ಹುಲ್ಲು ಸರಿಸಿ ನೆಲದ ಹತ್ತಿರ ನೋಡಿ. ತುಂಬಾ ಸಲ ಪೊದೆ ಆಗಲೇ ಅಲ್ಲಿರುತ್ತದೆ. ವರ್ಷ ವರ್ಷ ಮೇಯಿಸಿಕೊಂಡು ಮುಷ್ಟಿಯಷ್ಟು ಗಂಟಾಗಿ ಕೂತಿರುತ್ತದೆ, ಒಂದಡಿ ಮೇಲೆ ಏಳಲು ಆಗಿರುವುದಿಲ್ಲ. ಅಂಥ ಹತ್ತು ಗಂಟು ಸಿಕ್ಕರೆ ನಿಮ್ಮ ಅದೃಷ್ಟ. ಅವುಗಳ ಬೇರು ಆಳಕ್ಕೆ ಇಳಿದಿರುತ್ತದೆ. ಸುತ್ತ ಬೇಲಿ ಕಟ್ಟಿದರೆ ಎರಡೇ ವರ್ಷದಲ್ಲಿ ಆಳೆತ್ತರ ಬರುತ್ತವೆ. ಹೊಸ ಗಿಡ ನೆಡುವುದಕ್ಕಿಂತ ಇದು ಎಷ್ಟೋ ಮೇಲು. ನನ್ನನ್ನು ಕೇಳಿದರೆ ಮೊದಲ ಬೇಲಿಯನ್ನು ಇಂಥವುಗಳಿಗೇ ಹಾಕಿ ಅನ್ನುತ್ತೇನೆ.

ಜಾಗ ಆರಿಸುವಾಗ ಇನ್ನೆರಡು ವಿಷಯ. ಪೊದೆಗೆ ಬಿಸಿಲು ಬೇಕು. ದೊಡ್ಡ ಮರದ ನೆರಳಿನಲ್ಲಿ ಕಡ್ಡಿ ಸಣಕಲಾಗಿ ಬೆಳೆಯುತ್ತದೆ. ಹಾಗೇ ಹತ್ತಿರದಲ್ಲಿ ದಟ್ಟ ಸೂಜಿಎಲೆ ಮರಗಳಿದ್ದರೆ ಒಳ್ಳೆಯದು. ಸೀಡರ್, ಹೆಮ್‌ಲಾಕ್, ಸ್ಪ್ರೂಸ್ ಮರಗಳು ಹಿಮವನ್ನು ಮೇಲೇ ತಡೆದು ಗಾಳಿಗೆ ಅಡ್ಡ ನಿಲ್ಲುತ್ತವೆ. ಕಡು ಚಳಿಯಲ್ಲಿ ಜಿಂಕೆಗಳು ಅದರಡಿಯೇ ಬೀಡು ಬಿಡುತ್ತವೆ. ಅಲ್ಲಿಂದ ಮೇವಿಗೆ ಹಿಮ ತುಳಿದು ಬಹಳ ದೂರ ನಡೆಯಬೇಕಾದರೆ ತಿಂದ ಶಕ್ತಿ ನಡಿಗೆಗೇ ಹೋಗುತ್ತದೆ. ನೂರು, ನೂರೈವತ್ತು ಅಡಿಯೊಳಗೆ ಮೇವಿದ್ದರೆ ಲೇಸು. ರಸ್ತೆ ಪಕ್ಕ ಮಾತ್ರ ನೆಡಲೇಬೇಡಿ. ಜಿಂಕೆಯನ್ನು ಗಾಡಿಯ ಎದುರಿಗೆ ಕರೆದಂತಾಗುತ್ತದೆ.

ನೀರು ಎಲ್ಲಿದೆ?

ಒದ್ದೆ ನೆಲ ಅಂದರೆ ಎಲ್ಲ ಒಂದೇ ಅಲ್ಲ. ಹತ್ತು ಹೆಜ್ಜೆಯಲ್ಲಿ ಬದಲಾಗುತ್ತದೆ. ಅದಕ್ಕೆ ಗುಂಡಿ ತೋಡಿ ನೋಡಬೇಕು. ಸಲಿಕೆಯಲ್ಲಿ ಎರಡಡಿ ಆಳದ ಸಣ್ಣ ಗುಂಡಿ, ಮೂರ್ನಾಲ್ಕು ಕಡೆ. ಒಂದು ಗಂಟೆ ಬಿಟ್ಟು ನೀರು ಎಲ್ಲಿಗೆ ಬಂದು ನಿಂತಿದೆ ಅಂತ ಅಳತೆ ತೆಗೆದುಕೊಳ್ಳಿ. ವಸಂತದಲ್ಲಿ ಒಮ್ಮೆ, ಆಗಸ್ಟ್ ಕೊನೆಯಲ್ಲಿ ಒಮ್ಮೆ ನೋಡಿ. ವಸಂತದ ಅಳತೆ ಗಿಡ ಮುಳುಗುತ್ತದೋ ಅಂತ ಹೇಳುತ್ತದೆ. ಆಗಸ್ಟ್‌ನ ಅಳತೆ ಬೇರು ಎಷ್ಟು ಕೆಳಗೆ ಇಳಿಯಬೇಕು ಅಂತ ಹೇಳುತ್ತದೆ.

ಅಗೆದ ಮಣ್ಣನ್ನು ಕೈಯಲ್ಲಿ ಮುರಿದು ನೋಡಿ. ಬೂದು ಬಣ್ಣದ ನಡುವೆ ತುಕ್ಕಿನ ಕಂದು ಚುಕ್ಕೆ ಇದ್ದರೆ ನೀರು ಏರಿ ಇಳಿಯುವ ನೆಲ. ನೀರು ಇಳಿದಾಗ ಗಾಳಿ ಒಳಗೆ ಹೋಗುತ್ತದೆ, ಮಣ್ಣಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇದು ಹೆಚ್ಚಿನ ಪೊದೆಗಳಿಗೆ ಸರಿಹೋಗುವ ಜಾಗ. ಮಣ್ಣು ಪೂರ್ತಿ ಬೂದು ಬಣ್ಣವಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಬೇರಿಗೆ ಉಸಿರೇ ಇಲ್ಲ. ಅಲ್ಲಿ ತಡೆದುಕೊಳ್ಳುವ ಗಿಡ ಕೆಲವೇ.

ಒಂದು ಎಚ್ಚರ. ಅಮೆರಿಕದಲ್ಲಿ 1972ರ ಕ್ಲೀನ್ ವಾಟರ್ ಆಕ್ಟ್‌ನ 404ನೇ ವಿಧಿ ಅದರ ವ್ಯಾಪ್ತಿಗೆ ಬರುವ ಜೌಗು ನೆಲಕ್ಕೆ ಮಣ್ಣು ತುಂಬುವುದನ್ನು ಅನುಮತಿಯಿಲ್ಲದೆ ಬಿಡುವುದಿಲ್ಲ. ರಾಜ್ಯಗಳ ನಿಯಮ ಬೇರೆ ಇರುತ್ತವೆ. ಕೈಯಿಂದ ಕಡ್ಡಿ ನೆಡುವುದಕ್ಕೆ ಸಾಮಾನ್ಯವಾಗಿ ಯಾರೂ ಅಡ್ಡ ಬರುವುದಿಲ್ಲ. ಆದರೆ ಯಂತ್ರ ಇಳಿಸುವುದು, ಕಾಲುವೆ ತೋಡುವುದು, ದಿಬ್ಬ ಎಬ್ಬಿಸುವುದು ಇದ್ದರೆ ಮೊದಲು ಸ್ಥಳೀಯ ಮಣ್ಣು-ನೀರು ಸಂರಕ್ಷಣಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಯಾವ ಜಾಗಕ್ಕೆ ಯಾವ ಗಿಡ

ಎಲ್ಲಕ್ಕಿಂತ ಮೊದಲು ರೆಡ್ ಓಸಿಯರ್ ಡಾಗ್‌ವುಡ್. ಚಳಿಗಾಲದಲ್ಲಿ ಇದರ ಕಡ್ಡಿ ಕುಂಕುಮದ ಹಾಗೆ ಕೆಂಪು, ಬಿಳಿ ಹಿಮದ ಮೇಲೆ ದೂರದಿಂದಲೇ ಕಾಣುತ್ತದೆ. ಜಿಂಕೆಗೂ, ಜಿಂಕೆ ಜಾತಿಯ ದೊಡ್ಡ ಪ್ರಾಣಿ ಮೂಸ್‌ಗೂ ಇದು ಇಷ್ಟ. ಆರರಿಂದ ಒಂಬತ್ತಡಿ ಬೆಳೆಯುತ್ತದೆ. ನೆಲಕ್ಕೆ ಬಾಗಿದ ಕೊಂಬೆ ಅಲ್ಲೇ ಬೇರು ಬಿಟ್ಟು ಮೆಳೆ ತಾನೇ ಅಗಲವಾಗುತ್ತದೆ. ಮೇಯಿಸಿಕೊಂಡರೂ ಬೇಗ ಚೇತರಿಸಿಕೊಳ್ಳುತ್ತದೆ. ವಸಂತದಲ್ಲಿ ನೀರು ಬಂದು ಹೋದರೆ ತೊಂದರೆ ಇಲ್ಲ, ವರ್ಷವಿಡೀ ನಿಂತ ನೀರು ಮಾತ್ರ ಆಗುವುದಿಲ್ಲ. ಒಂದೇ ಗಿಡ ನೆಡಬೇಕು ಅಂದರೆ ನಾನು ಇದನ್ನೇ ನೆಡುತ್ತೇನೆ. ಇದರ ತಂಗಿಯಂಥ ಸಿಲ್ಕಿ ಡಾಗ್‌ವುಡ್ ಕೂಡ ಚೆನ್ನ. ಅದರ ಹಣ್ಣು ನೀಲಿ, ಸ್ವಲ್ಪ ನೆರಳನ್ನೂ ಸಹಿಸುತ್ತದೆ.

ಇವುಗಳ ಜೊತೆ ವಿಲ್ಲೋ. ಪುಸಿ ವಿಲ್ಲೋ, ಬೆಬ್ ವಿಲ್ಲೋ, ಸ್ಯಾಂಡ್‌ಬಾರ್ ವಿಲ್ಲೋ ಹೀಗೆ ಹಲವು. ಇಷ್ಟು ಸುಲಭವಾಗಿ ಬೇರು ಬಿಡುವ ಗಿಡ ಇನ್ನೊಂದಿಲ್ಲ. ಇನ್ನೂ ಚಳಿ ಇರುವಾಗಲೇ ಪುಸಿ ವಿಲ್ಲೋ ಹೂಬಿಡುವುದರಿಂದ ಜೇನುಹುಳಗಳಿಗೂ ಮೊದಲ ಊಟ. ದೊಡ್ಡ ಮರವಾಗುವ ವಿಲ್ಲೋ ಬೇಡ. ಐದಾರು ವರ್ಷದಲ್ಲಿ ಅದರ ಕಡ್ಡಿ ಜಿಂಕೆಯ ಬಾಯಿಗೆ ಎಟುಕದಷ್ಟು ಮೇಲೆ ಹೋಗುತ್ತದೆ.

ನೀರು ನಿಂತೇ ಇರುವ ಕಡೆಗೆ ಬಟನ್‌ಬುಷ್. ಎರಡು ಮೂರು ಅಡಿ ನೀರಿನಲ್ಲೂ ಬದುಕುತ್ತದೆ. ಮೇವಾಗಿ ಮಧ್ಯಮ, ಆದರೆ ಬೇರೆ ಏನೂ ಬರದ ಜಾಗ ತುಂಬುತ್ತದೆ. ದನಗಳಿಗೆ ಇದು ವಿಷ, ಹಾಗಾಗಿ ದನ ಮೇಯುವ ಕಡೆ ಬೇಡ.

ಅಂಚಿನ ಕಡೆಗೆ, ನೆಲ ತೇವ ಇದ್ದು ನೀರು ನಿಲ್ಲದ ಕಡೆ, ಎಲ್ಡರ್‌ಬೆರ್ರಿ, ನ್ಯಾನಿಬೆರ್ರಿ, ಹೈಬುಷ್ ಕ್ರ್ಯಾನ್‌ಬೆರ್ರಿ ಹಾಕಬಹುದು. ಹೈಬುಷ್ ಕ್ರ್ಯಾನ್‌ಬೆರ್ರಿ ಕೊಳ್ಳುವಾಗ ಜೋಪಾನ. ಅದೇ ಹೆಸರಿನಲ್ಲಿ ಯುರೋಪಿನ ಗಿಡವನ್ನೂ ಮಾರುತ್ತಾರೆ. ನಿಮ್ಮ ಸೀಮೆಯ ಗಿಡವೇ ಬೇಕು ಅಂತ ಕೇಳಿ ತೆಗೆದುಕೊಳ್ಳಿ.

ಆಲ್ಡರ್ ಬಗ್ಗೆ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಜೌಗಿನಲ್ಲಿ ಅದು ದಂಡಿಯಾಗಿ ಬೆಳೆದಿರುತ್ತದೆ, ಮೇವು ಬೇಕಾದಷ್ಟಿದೆ ಅಂದುಕೊಳ್ಳುತ್ತಾರೆ. ಜಿಂಕೆ ಆಲ್ಡರ್ ತಿನ್ನುವುದು ಬೇರೆ ಏನೂ ಸಿಗದಾಗ. ಅದನ್ನು ಕಡಿದು ಹಾಕಬೇಡಿ, ಮರೆಗೆ ಬೇಕು. ಅದರ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕವನ್ನೂ ಕೊಡುತ್ತವೆ. ಆದರೆ ಮೇವಿನ ಲೆಕ್ಕಕ್ಕೆ ಸೇರಿಸಬೇಡಿ. ಗ್ಲಾಸಿ ಬಕ್‌ಥಾರ್ನ್ ಮತ್ತು ಆಟಮ್ ಆಲಿವ್ ಇದ್ದರೆ ಬೇರುಸಹಿತ ಕೀಳಿ. ಇವು ಹೊರಗಿನಿಂದ ಬಂದು ಎಲ್ಲವನ್ನೂ ನುಂಗುವ ಗಿಡಗಳು.

ಕಡ್ಡಿ ಕತ್ತರಿಸುವುದು

ಡಾಗ್‌ವುಡ್, ವಿಲ್ಲೋ, ಎಲ್ಡರ್‌ಬೆರ್ರಿ, ಬಟನ್‌ಬುಷ್ ಇವನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಕಡ್ಡಿ ನೆಟ್ಟರೆ ಬರುತ್ತವೆ. ನ್ಯಾನಿಬೆರ್ರಿ, ಹೈಬುಷ್ ಕ್ರ್ಯಾನ್‌ಬೆರ್ರಿ ಹಾಗೆ ಬರುವುದಿಲ್ಲ, ಸಸಿಯನ್ನೇ ತರಬೇಕು. ಅಮೆರಿಕದಲ್ಲಿ ಎಷ್ಟೋ ಕಡೆ ಸರ್ಕಾರಿ ನರ್ಸರಿಗಳೂ ಜಿಲ್ಲಾ ಮಟ್ಟದ ಸಂರಕ್ಷಣಾ ಕಚೇರಿಗಳೂ ಮಣ್ಣಿಲ್ಲದ ಬರಿಬೇರಿನ ಸಸಿ ಮಾರುತ್ತವೆ. ಚಳಿಗಾಲದಲ್ಲೇ ಹೇಳಿಟ್ಟರೆ ವಸಂತಕ್ಕೆ ಸಿಗುತ್ತದೆ.

ಕಡ್ಡಿ ಕತ್ತರಿಸುವ ಕಾಲ ಎಲೆ ಉದುರಿದ ಮೇಲಿಂದ ಮೊಗ್ಗು ಉಬ್ಬುವ ತನಕ. ಫೆಬ್ರವರಿ ಕೊನೆ, ಮಾರ್ಚ್ ಒಳ್ಳೆಯದು. ಪೆನ್ಸಿಲ್‌ನಿಂದ ಹೆಬ್ಬೆರಳಿನಷ್ಟು ದಪ್ಪ, ಒಂದೂವರೆಯಿಂದ ಮೂರಡಿ ಉದ್ದ. ಒಂದೆರಡು ವರ್ಷದ ಕಡ್ಡಿ ಸಾಕು. ಬುಡವನ್ನು ಓರೆಯಾಗಿ ಕತ್ತರಿಸಿ, ತುದಿಯನ್ನು ನೇರವಾಗಿ. ಹೀಗೆ ಮಾಡಿದರೆ ನೆಡುವಾಗ ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊಂದಲ ಆಗುವುದಿಲ್ಲ. ತಲೆಕೆಳಗಾಗಿ ನೆಟ್ಟ ಕಡ್ಡಿ ಸರಿಯಾಗಿ ಬೆಳೆಯುವುದಿಲ್ಲ. ಪಕ್ಕದ ಕೊಂಬೆಗಳನ್ನು ಸವರಿಬಿಡಿ. ಒಂದು ಪೊದೆಯಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ನಾಲ್ಕೈದು ಬೇರೆ ಬೇರೆ ಪೊದೆಗಳಿಂದ ತೆಗೆದರೆ ಇನ್ನೂ ಒಳ್ಳೆಯದು. ಬೇರೆಯವರ ನೆಲವಾದರೆ ಕೇಳಿಯೇ ಕತ್ತರಿಸಿ.

ಇಲ್ಲಿ ಒಂದು ನಿಜವಾದ ಅಪಾಯ ಇದೆ. ಅಮೆರಿಕದ ಪೂರ್ವ ಭಾಗದ ಜೌಗುಗಳಲ್ಲಿ ಪಾಯ್ಸನ್ ಸುಮ್ಯಾಕ್ ಅನ್ನುವ ಗಿಡ ಬೆಳೆಯುತ್ತದೆ. ಅದರ ಹಾಲು ತಗುಲಿದರೆ ಮೈಯೆಲ್ಲ ಗುಳ್ಳೆ. ಎಲೆ ಇಲ್ಲದ ಚಳಿಗಾಲದಲ್ಲೂ ಅದು ಬಿಡುವುದಿಲ್ಲ. ರೆಡ್ ಓಸಿಯರ್‌ಗೂ ಬಿಳಿ ಹಣ್ಣು, ಇದಕ್ಕೂ ಬೆಳ್ಳಗಿನ ಹಣ್ಣು. ಹಣ್ಣು ನೋಡಿ ನಿರ್ಧಾರ ಮಾಡಬೇಡಿ. ಮೊಗ್ಗು ನೋಡಿ. ಡಾಗ್‌ವುಡ್ ಕಡ್ಡಿಯಲ್ಲಿ ಮೊಗ್ಗುಗಳು ಎದುರುಬದುರು ಜೋಡಿಯಾಗಿ ಕೂತಿರುತ್ತವೆ, ಕಡ್ಡಿ ಸಣ್ಣಗೆ ನಯವಾಗಿರುತ್ತದೆ. ಸುಮ್ಯಾಕ್‌ನಲ್ಲಿ ಒಂದು ಈ ಕಡೆ, ಮುಂದಿನದು ಆ ಕಡೆ, ಕಡ್ಡಿ ದಪ್ಪ. ವಿಲ್ಲೋದ ಮೊಗ್ಗೂ ಜೋಡಿಯಲ್ಲ, ಆದರೆ ಅದಕ್ಕೆ ಒಂದೇ ಒಂದು ಸಿಪ್ಪೆ, ಟೊಪ್ಪಿ ಹಾಕಿದ ಹಾಗೆ. ಅನುಮಾನ ಬಂದರೆ ಮುಟ್ಟಬೇಡಿ. ಕಡಿದ ಸುಮ್ಯಾಕ್ ಸುಡಲೂಬೇಡಿ, ಹೊಗೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಕತ್ತರಿಸಿದ ಕಡ್ಡಿಯ ದೊಡ್ಡ ಶತ್ರು ಒಣಗುವಿಕೆ. ಆ ದಿನವೇ ನೆಡದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಣ್ಣಗಿನ ಕತ್ತಲೆ ಜಾಗದಲ್ಲಿಡಿ. ಫ್ರಿಜ್‌ನಷ್ಟು ತಂಪಿದ್ದರೆ ಕೆಲವು ವಾರ ಕೆಡುವುದಿಲ್ಲ. ನೆಡುವ ಹಿಂದಿನ ದಿನ ಬಕೆಟ್ ನೀರಿನಲ್ಲಿ ಬುಡ ಮುಳುಗಿಸಿಡಿ, ಒಂದು ರಾತ್ರಿಯಾದರೂ. ವಿಲ್ಲೋ ಕಡ್ಡಿಯನ್ನು ಕೆಲವು ದಿನ ಬಿಟ್ಟರೆ ತೊಗಟೆಯಲ್ಲಿ ಸಾಸಿವೆಯಷ್ಟು ಬಿಳಿ ಉಬ್ಬುಗಳು ಏಳುವುದು ಕಾಣುತ್ತದೆ. ಅವೇ ಬೇರು. ಆ ಉಬ್ಬು ಕಂಡಾಗ ತಡ ಮಾಡಬೇಡಿ. ಬೇರು ಉದ್ದವಾದರೆ ನೆಡುವಾಗ ಮುರಿದುಹೋಗುತ್ತದೆ.

ನೆಡುವ ದಿನ

ನೆಲದ ಮಂಜುಗಡ್ಡೆ ಕರಗಿದ ತಕ್ಷಣ ನೆಡಿ. ಒದ್ದೆ ನೆಲದಲ್ಲಿ ಶರತ್ಕಾಲಕ್ಕೆ ಸಸಿ ನೆಡುವುದು ನನಗೆ ಇಷ್ಟವಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಬೇರು ಹಿಡಿಯದ ಸಸಿಯನ್ನು ಮೇಲಕ್ಕೆ ಎತ್ತಿ ಹಾಕುತ್ತದೆ. ವಸಂತಕ್ಕೆ ನೋಡಿದರೆ ಬೇರು ಆಕಾಶ ನೋಡುತ್ತಾ ಮಲಗಿರುತ್ತದೆ.

ಕಡ್ಡಿಯನ್ನು ಸುಮ್ನೆ ನೆಲಕ್ಕೆ ಒತ್ತಬೇಡಿ, ತೊಗಟೆ ಸುಲಿಯುತ್ತದೆ. ಮೊದಲು ಕಬ್ಬಿಣದ ಸರಳಿನಲ್ಲಿ ತೂತು ಮಾಡಿ. ಜೌಗು ಮಣ್ಣಿನಲ್ಲಿ ಸರಳು ಹೊರಗೆ ಎಳೆಯುವಾಗ ಪಚ್ ಅಂತ ಸದ್ದು ಬರುತ್ತದೆ, ತೂತಿನ ತಳದಲ್ಲಿ ನೀರು ಜಿನುಗಿ ನಿಲ್ಲುತ್ತದೆ. ಕಡ್ಡಿಯ ಮೂರನೇ ಎರಡು ಭಾಗ, ಸಾಧ್ಯವಾದರೆ ಮುಕ್ಕಾಲು ಭಾಗ ನೆಲದೊಳಗೆ ಹೋಗಬೇಕು. ಮೇಲೆ ಎರಡು ಮೂರು ಮೊಗ್ಗು ಇದ್ದರೆ ಸಾಕು. ಆಗಸ್ಟ್‌ನಲ್ಲಿ ಅಳೆದ ನೀರಿನ ಮಟ್ಟ ನೆನಪಿದೆಯಲ್ಲ, ಬುಡ ಅಲ್ಲಿಯ ತೇವಕ್ಕೆ ಮುಟ್ಟಬೇಕು. ಆಮೇಲೆ ಸುತ್ತ ಹಿಮ್ಮಡಿಯಲ್ಲಿ ಗಟ್ಟಿಯಾಗಿ ತುಳಿಯಿರಿ. ಒಳಗೆ ಗಾಳಿ ಉಳಿದರೆ ಆ ಜಾಗದಲ್ಲಿ ಬೇರು ಬರುವುದಿಲ್ಲ. ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಕಡ್ಡಿ ಜಗ್ಗಬಾರದು.

ಬರಿಬೇರಿನ ಸಸಿಗೆ ಸಲಿಕೆಯಲ್ಲಿ ಸೀಳು ತೆಗೆದರೆ ಸಾಕು. ಬೇರು ಮೇಲಕ್ಕೆ ಮಡಚಿಕೊಳ್ಳದ ಹಾಗೆ ನೇರ ಇಳಿಬಿಡಿ. ನರ್ಸರಿಯಲ್ಲಿ ಎಷ್ಟು ಆಳಕ್ಕೆ ಇತ್ತೋ ಅಷ್ಟೇ ಆಳಕ್ಕೆ ನೆಡಿ. ಬಿಸಿಲಿಗೆ, ಗಾಳಿಗೆ ಬೇರು ಬಿಟ್ಟರೆ ಕೆಲವೇ ನಿಮಿಷದಲ್ಲಿ ಸಣ್ಣ ಬೇರುಗಳು ಸತ್ತುಹೋಗುತ್ತವೆ, ಆದ್ದರಿಂದ ಒದ್ದೆ ಗೋಣಿಯಿಂದ ಒಂದೊಂದಾಗಿ ತೆಗೆಯಿರಿ. ನೀರು ಜಾಸ್ತಿ ಇರುವ ಕಡೆ ಒಂದು ಹುಲ್ಲುಗಡ್ಡೆಯನ್ನು ಅಲ್ಲೇ ಮಗುಚಿ ಹಾಕಿ, ಆ ಸಣ್ಣ ಗುಡ್ಡೆಯ ಮೇಲೆ ನೆಟ್ಟರೆ ಬೇರಿಗೆ ಉಸಿರಾಡಲು ಜಾಗ ಸಿಗುತ್ತದೆ.

ಸಾಲಾಗಿ ಉದ್ದಕ್ಕೆ ನೆಡಬೇಡಿ. ಗುಂಪಾಗಿ ನೆಡಿ. 20 ಅಡಿ ಉದ್ದ, 20 ಅಡಿ ಅಗಲದ ಜಾಗದಲ್ಲಿ ನಾಲ್ಕಡಿಗೊಂದರಂತೆ 25 ಗಿಡ ಹಿಡಿಯುತ್ತದೆ. ಅದರ ಸುತ್ತ 80 ಅಡಿ ಬೇಲಿ. ಬೇಲಿಯ ಲೆಕ್ಕಕ್ಕೆ ಗುಂಪೇ ಅಗ್ಗ. ಒಂದು ವಸಂತಕ್ಕೆ ಒಂದೆರಡು ಗುಂಪು ಸಾಕು. ನೂರಾರು ಗಿಡ ಬೇಲಿಯಿಲ್ಲದೆ ನೆಡುವುದಕ್ಕಿಂತ 25 ಗಿಡ ಬೇಲಿಯೊಳಗೆ ನೆಡುವುದು ಎಷ್ಟೋ ವಾಸಿ.

ಮೇ ತಿಂಗಳಲ್ಲಿ ಎಲ್ಲ ಕಡ್ಡಿಯೂ ಚಿಗುರುತ್ತದೆ. ಗೆದ್ದೆವು ಅಂದುಕೊಳ್ಳಬೇಡಿ. ಕಡ್ಡಿ ತನ್ನೊಳಗೆ ಕೂಡಿಟ್ಟಿದ್ದನ್ನು ಖರ್ಚು ಮಾಡಿ ಎಲೆ ಬಿಡುತ್ತದೆ, ಬೇರು ಇನ್ನೂ ಬಂದಿರಬೇಕೆಂದಿಲ್ಲ. ಬೇರು ಬರದವು ಜೂನ್, ಜುಲೈ ಬಿಸಿಲಿಗೆ ಬಾಡುತ್ತವೆ. ಆಗಸ್ಟ್‌ನಲ್ಲಿ ಹಸಿರಾಗಿದ್ದವು ಉಳಿದ ಹಾಗೆ.

ಬೇಲಿ, ಹುಲ್ಲು, ಇಲಿ

ಬೇಲಿಯನ್ನು ನೆಟ್ಟ ದಿನವೇ ಹಾಕಿ. ದೊಡ್ಡ ಬಯಲಿಗೆ ಎಂಟಡಿ ಎತ್ತರದ ಬೇಲಿ ಬೇಕು, ಬಿಳಿಬಾಲದ ಜಿಂಕೆ ಅದಕ್ಕಿಂತ ಕಡಿಮೆ ಇದ್ದರೆ ಹಾರಬಲ್ಲದು. ಆದರೆ ಸಣ್ಣ ಆವರಣದೊಳಗೆ ಹಾರಲು ಅದು ಹಿಂಜರಿಯುತ್ತದೆ, ಇಳಿಯಲು ಜಾಗ ಸಾಲದು ಅಂತ. ಹಾಗಾಗಿ 20 ಅಡಿ ಚೌಕಕ್ಕೆ ಆರಡಿ ತಂತಿಬಲೆ ನನಗೆ ಸಾಕಾಗಿದೆ. ಒಳಗೆ ಪೊದೆ ತುಂಬಿಕೊಂಡ ಮೇಲಂತೂ ಅದು ಹಾರುವುದೇ ಇಲ್ಲ. ಹಿಮ ಎರಡಡಿ ಬಿದ್ದರೆ ಬೇಲಿ ಎರಡಡಿ ಗಿಡ್ಡವಾಯಿತು ಅನ್ನುವುದನ್ನು ಮರೆಯಬೇಡಿ. ಒಂಟಿ ಗಿಡಕ್ಕೆ ನಾಲ್ಕೈದು ಅಡಿ ಎತ್ತರದ ತಂತಿಯ ಗೂಡು ಸಾಕು, ಎರಡು ಗೂಟ ಹೊಡೆದು ಬಿಗಿಯಾಗಿ ಕಟ್ಟಿ. ದುಡ್ಡಿಲ್ಲ ಅಂದರೆ ಕಡಿದ ಮರದ ಮುಳ್ಳುಕೊಂಬೆಗಳನ್ನು ಸುತ್ತ ಎದೆಮಟ್ಟ ಒಟ್ಟಿ. ಎರಡು ಮೂರು ವರ್ಷ ತಡೆಯುತ್ತದೆ, ಅಷ್ಟೇ ನಮಗೂ ಬೇಕಾದದ್ದು. ಮರದ ಸಸಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ ಪೊದೆಗೆ ಬೇಡ. ಪೊದೆ ಬುಡದಿಂದಲೇ ಕವಲೊಡೆಯಬೇಕು, ಕೊಳವೆಯಲ್ಲಿ ಅದು ಒಂದೇ ಕೋಲಾಗುತ್ತದೆ.

ಜಿಂಕೆಗಿಂತ ಮೊದಲು ಗಿಡ ಕೊಲ್ಲುವುದು ಹುಲ್ಲು. ರೀಡ್ ಕ್ಯಾನರಿ ಹುಲ್ಲು ಇರುವ ಜೌಗಿನಲ್ಲಿ ಜುಲೈ ಹೊತ್ತಿಗೆ ಅದು ಎದೆಯೆತ್ತರ ಬಂದು ಮಳೆಗೆ ಗಿಡದ ಮೇಲೆ ಮಗುಚಿಕೊಳ್ಳುತ್ತದೆ. ಕೆಳಗೆ ಸಿಕ್ಕ ಸಸಿ ಬೆಳಕಿಲ್ಲದೆ ಸಾಯುತ್ತದೆ. ನೆಡುವ ಮೊದಲೇ ಪ್ರತಿ ಗಿಡಕ್ಕೂ ಮೂರಡಿ ಅಗಲ ಹುಲ್ಲು ಕೆತ್ತಿ ಹಾಕಿ, ದಪ್ಪ ರಟ್ಟು ಹಾಸಿ, ಹಾರದ ಹಾಗೆ ಕಡ್ಡಿ ಚುಚ್ಚಿ. ಬೇಸಿಗೆಯಲ್ಲಿ ಎರಡು ಸಲ ಸುತ್ತ ಕತ್ತರಿಸಿ. ಇಂಥ ಜಾಗಕ್ಕೆ ಉದ್ದ ಕಡ್ಡಿಯೇ ಒಳ್ಳೆಯದು, ಸಣ್ಣ ಸಸಿ ಹುಲ್ಲಿಗೆ ಸೋಲುತ್ತದೆ. ಕಳೆನಾಶಕವನ್ನು ನೀರಿನ ಹತ್ತಿರ ನಾನು ಬಳಸುವುದಿಲ್ಲ. ಬಳಸಲೇಬೇಕಾದರೆ ನೀರಿನ ಜಾಗಕ್ಕೆ ಅಂತ ಚೀಟಿಯಲ್ಲಿ ಬರೆದಿರುವುದನ್ನು ಮಾತ್ರ ಬಳಸಿ, ಕಪ್ಪೆಗಳು ಅಲ್ಲೇ ಇರುತ್ತವೆ.

ಅಕ್ಟೋಬರ್‌ನಲ್ಲಿ ರಟ್ಟನ್ನೂ ಒಣಹುಲ್ಲನ್ನೂ ಬುಡದಿಂದ ಒಂದಡಿ ದೂರ ಸರಿಸಿ. ವೋಲ್ ಅನ್ನುವ ಸಣ್ಣ ಬಾಲದ ಹುಲ್ಲಿಲಿಗಳು ಅದರಡಿ ಮನೆ ಮಾಡಿ, ಹಿಮದೊಳಗೆ ಸುರಂಗ ತೋಡಿ ಬುಡದ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುತ್ತವೆ. ಮೊಲ ಇರುವ ಕಡೆ ಬೇಲಿಯ ಕೆಳಭಾಗಕ್ಕೆ ಸಣ್ಣ ಕಣ್ಣಿನ ಬಲೆ ಸೇರಿಸಿ. ಹೊಳೆ ಪಕ್ಕದಲ್ಲಿ ಬೀವರ್ (ಹಲ್ಲಿನಿಂದ ಮರ ಕಡಿದು ಹೊಳೆಗೆ ಅಡ್ಡಗಟ್ಟೆ ಕಟ್ಟುವ ಪ್ರಾಣಿ) ಇದ್ದರೆ ವಿಲ್ಲೋ ಅದರ ಪಾಲೂ ಹೌದು. ಅಲ್ಲಿ ನೀರಿನಿಂದ ಆದಷ್ಟು ದೂರ ನೆಡಿ.

ಬೇಲಿ ತೆಗೆಯುವುದು ಯಾವಾಗ

ಮೂರನೇ ಅಥವಾ ನಾಲ್ಕನೇ ವರ್ಷ. ನಡುವಿನ ಕಡ್ಡಿಗಳು ಆರಡಿ ದಾಟಿ, ಬುಡದಲ್ಲಿ ಹತ್ತಾರು ಕವಲು ಬಂದಿದ್ದರೆ ಪೊದೆ ಮೇಯಿಸಿಕೊಳ್ಳಲು ಸಿದ್ಧ. ಬೇಲಿಯನ್ನು ಚಳಿಗಾಲದಲ್ಲೇ ತೆಗೆಯಿರಿ. ಬೇಸಿಗೆಯಲ್ಲಿ ತೆಗೆದರೆ ಎಳೆ ಎಲೆಗಳನ್ನೆಲ್ಲ ಆಗಲೇ ಮುಗಿಸಿ, ಜನವರಿಗೆ ಏನೂ ಉಳಿಸುವುದಿಲ್ಲ.

ಜಿಂಕೆಯ ಬಾಯಿ ಎಟುಕುವುದು ನೆಲದಿಂದ ಸುಮಾರು ಐದಾರು ಅಡಿ. ಅದರ ಮೇಲೆ ಬೆಳೆದದ್ದು ಅದಕ್ಕೆ ಸಿಗದು. ಹಳೆಯ ಪೊದೆಯಲ್ಲಿ ಮೇಲೆ ದಟ್ಟ, ಕೆಳಗೆ ಬರೀ ಕೋಲು ಆಗುವುದು ಅದಕ್ಕೇ. ಹಾಗಾಗಿ ಐದನೇ ವರ್ಷದಿಂದ ಪ್ರತಿ ಜನವರಿಯಲ್ಲಿ ಮೂರನೇ ಒಂದು ಭಾಗದ ವಿಲ್ಲೋ, ಡಾಗ್‌ವುಡ್‌ಗಳನ್ನು ಬುಡದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿ. ಕತ್ತರಿಸಿದ ತುದಿಗಳು ಹಿಮದ ಮೇಲೆ ಬಿದ್ದರೆ ಆವತ್ತಿನ ರಾತ್ರಿಯೇ ಜಿಂಕೆ ಬಂದು ತಿನ್ನುತ್ತದೆ. ತಿಂದು ಉಳಿದ ದಪ್ಪ ಕೊಂಬೆಗಳನ್ನು ಮೋಟಿನ ಮೇಲೇ ಒಟ್ಟಿಬಿಡಿ. ಬೇಸಿಗೆಯಲ್ಲಿ ಹೊಸ ಚಿಗುರು ಅದರ ನಡುವಿನಿಂದ ಎದ್ದು ಬರುತ್ತದೆ, ಜಿಂಕೆಯ ಮೂತಿ ಒಳಗೆ ಹೋಗುವುದಿಲ್ಲ. ನ್ಯಾನಿಬೆರ್ರಿಯಂಥ ನಿಧಾನದ ಗಿಡಗಳಿಗೆ ಮಾತ್ರ ಹೀಗೆ ಮಾಡಬೇಡಿ, ಹಳೆಯ ಒಂದೆರಡು ಕಾಂಡ ತೆಗೆದರೆ ಸಾಕು.

ಪ್ರತಿ ಏಪ್ರಿಲ್‌ನಲ್ಲಿ, ಎಲೆ ಬರುವ ಮೊದಲು, ಒಂದು ಎಣಿಕೆ ಮಾಡಿ. ಹತ್ತು ಪೊದೆ, ಒಂದೊಂದರಲ್ಲಿ ಜಿಂಕೆಗೆ ಎಟುಕುವ ಎತ್ತರದ ಹತ್ತು ಕಡ್ಡಿ. ಕಡ್ಡಿಯನ್ನು ತುದಿಯಿಂದ ಕೆಳಗೆ ನೋಡುತ್ತಾ ಬಂದರೆ ಒಂದು ಕಡೆ ಸುತ್ತಲೂ ಸುಕ್ಕಿನ ಬಳೆ ಕಾಣುತ್ತದೆ. ಹಿಂದಿನ ವರ್ಷದ ತುದಿಮೊಗ್ಗು ಇದ್ದ ಗುರುತು ಅದು. ಅದರಿಂದ ಆಚೆಗಿರುವುದು ಕಳೆದ ಬೇಸಿಗೆಯ ಬೆಳವಣಿಗೆ. ನೂರು ಕಡ್ಡಿಯಲ್ಲಿ ಆ ಭಾಗ ಎಷ್ಟರಲ್ಲಿ ಕಿತ್ತುಹೋಗಿದೆ ಅಂತ ಬರೆದುಕೊಳ್ಳಿ. ಐವತ್ತರೊಳಗೆ ಇದ್ದರೆ ಪೊದೆ ತಡೆದುಕೊಳ್ಳುತ್ತದೆ. ಎರಡು ವರ್ಷ ಸತತ ಐವತ್ತು ದಾಟಿದರೆ ಅರ್ಧದಷ್ಟು ಪೊದೆಗಳಿಗೆ ಮತ್ತೆ ಬೇಲಿ ಹಾಕಿ. ಎಂಬತ್ತು, ತೊಂಬತ್ತು ಬಂದರೆ ಆ ನೆಲ ಹೊರುವುದಕ್ಕಿಂತ ಜಾಸ್ತಿ ಜಿಂಕೆ ಅಲ್ಲಿವೆ. ಆಗ ಇನ್ನಷ್ಟು ನೆಟ್ಟು ಪ್ರಯೋಜನವಿಲ್ಲ. ಜಿಂಕೆಗಳ ಸಂಖ್ಯೆ ಬಗ್ಗೆ ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯವರ ಜೊತೆ ಮಾತಾಡಬೇಕು, ಬೇಟೆಯ ಕಾಲದಲ್ಲಿ ನಿಯಮದಂತೆ ಬೇಟೆಗೆ ಅವಕಾಶ ಕೊಡುವುದನ್ನೂ ಯೋಚಿಸಬೇಕು.

ಎಣಿಕೆ ಚೆನ್ನಾಗಿ ಬಂದರೆ ಬಿಚ್ಚಿದ ಬೇಲಿಯನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಮುಂದಿನ ಒದ್ದೆ ಜಾಗಕ್ಕೆ ಹೋಗಿ. ಅಲ್ಲಿಗೆ ಬೇಕಾದ ಕಡ್ಡಿಯನ್ನು ಈ ಪೊದೆಗಳಿಂದಲೇ ಕತ್ತರಿಸಿಕೊಳ್ಳಬಹುದು.